ಬಿನ್ಸರ್‌ನ ಪಿರೂಲ್, ನಮ್ಮೂರಿನ ದರಕು

"ಅದನ್ನ ಹಚ್ಚಬೇಡಿ!"

ಹಿಂದಿಯಲ್ಲಿ ಬಂದ ಆ ಕೂಗಿಗೆ ನನ್ನ ಕೈಯಲ್ಲಿದ್ದ ಲೈಟರ್ ಜಾರಿ ಬಿತ್ತು. ತಿರುಗಿ ನೋಡಿದರೆ ಬೆನ್ನ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬರು ಇಳಿಜಾರಿನಲ್ಲಿ ಓಡೋಡಿ ಬರ್ತಿದ್ದರು. ಬಂದವರೇ ಲೈಟರ್ ಎತ್ತಿ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಮ್ಮ ಪುಟ್ಟ ಗ್ಯಾಸ್ ಸ್ಟವ್ ಕಡೆ ಕೈ ತೋರಿಸಿ, "ಇಲ್ಲಿ ಚಹಾ ಮಾಡ್ತೀರಾ? ಪಿರೂಲ್ ಮೇಲೆ ಕೂತು?" ಅಂತ ಕೇಳಿದರು.

ಚಹಾ ಅಲ್ಲ, ಬೆಂಗಳೂರಿನಿಂದ ತಂದ ಫಿಲ್ಟರ್ ಕಾಫಿ ಪುಡಿ ಅಂತ ಹೇಳುವ ಧೈರ್ಯ ನನಗಾಗಲೀ, ಜೊತೆಗಿದ್ದ ಗೆಳತಿಗಾಗಲೀ ಬರಲಿಲ್ಲ. ಮರದ ನೆರಳು, ಕೆಳಗೆ ಕಂದು ಬಣ್ಣದ ಮೆತ್ತನೆ ಹಾಸು, ಎದುರಿಗೆ ಬೆಟ್ಟಸಾಲು. ಒಂದು ಒಳ್ಳೆ ಫೋಟೊ ಬರುತ್ತಿತ್ತು ಅನ್ನುವ ಬೇಸರದಲ್ಲೇ ಸ್ಟವ್ ಮಡಚಿದೆವು. ಮನಸ್ಸಿನಲ್ಲಿ ಸ್ವಲ್ಪ ಸಿಟ್ಟೂ ಇತ್ತು ಅನ್ನಿ. ಒಂದು ಕಪ್ ಕಾಫಿಗೆ ಇಷ್ಟು ರಂಪವಾ?

ಸಂಜೆ ಹುಡುಕಿಕೊಂಡು ಹೋದ ಹೋಮ್‌ಸ್ಟೇ ಬಾಗಿಲಲ್ಲಿ ನಿಂತಿದ್ದವರು ಅವರೇ. ನಮ್ಮ ಮುಖ ನೋಡಿ ನಕ್ಕು, ಲೈಟರ್ ವಾಪಸ್ ಕೊಟ್ಟರು. ಮುಂದಿನ ನಾಲ್ಕು ದಿನ ನಾವು ಅವರನ್ನು 'ದೀದಿ' ಅಂತಲೇ ಕರೆದೆವು.

ಸೂಜಿಗಳ ಮಳೆ

ಹೋದ ವರ್ಷದ ಮೇ ತಿಂಗಳು ಅದು. ದೆಹಲಿಯಿಂದ ರಾತ್ರಿ ರಾಣಿಖೇತ್ ಎಕ್ಸ್‌ಪ್ರೆಸ್ ಹತ್ತಿ ಬೆಳಗ್ಗೆ ಕಾಠಗೋದಾಮ್‌ನಲ್ಲಿ ಇಳಿದು, ಅಲ್ಲಿಂದ ಶೇರ್ ಜೀಪಿನಲ್ಲಿ ಅಲ್ಮೋರಾ, ಮತ್ತೆ ಅಲ್ಲಿಂದ ಬಿನ್ಸರ್ ಅಭಯಾರಣ್ಯದ ಅಂಚಿನ ಒಂದು ಹಳ್ಳಿ. ಉತ್ತರಾಖಂಡದ ಕುಮಾವೂಂ ಪ್ರದೇಶ ಇದು. ಭವಾಲಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಒಂದೇ ಮರ ಮತ್ತೆ ಮತ್ತೆ ಕಾಣತೊಡಗುತ್ತದೆ. ಉದ್ದಕ್ಕೆ, ನೆಟ್ಟಗೆ, ಕೆಂಪು ಕಂದಿನ ದಪ್ಪ ತೊಗಟೆ, ತುದಿಯಲ್ಲಿ ಹಸಿರು ಕುಚ್ಚು. ಅಲ್ಲಿಯವರು ಇದನ್ನು ಚೀಡ್ ಅನ್ನುತ್ತಾರೆ. ನಾವು ಪೈನ್ ಅನ್ನುವ ಮರಗಳಲ್ಲಿ ಒಂದು.

ಇದರ ಎಲೆ ಸೂಜಿಯಂತೆ ಇರುತ್ತದೆ. ಒಂದು ಗೇಣಿಗಿಂತ ಉದ್ದ, 20ರಿಂದ 30 ಸೆಂಟಿಮೀಟರ್. ಮೂರು ಮೂರು ಸೂಜಿಗಳು ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಣಗಿ ನೆಲಕ್ಕೆ ಬಿದ್ದ ಈ ಸೂಜಿಗಳಿಗೆ ಅಲ್ಲಿನ ಹೆಸರು ಪಿರೂಲ್.

ನಿತ್ಯಹರಿದ್ವರ್ಣದ ಮರ ಎಲೆ ಉದುರಿಸುವುದಿಲ್ಲ ಅಂತಲೇ ನಾನು ತಿಳಿದಿದ್ದೆ. ಹಾಗೇನಿಲ್ಲ. ಚೀಡ್ ಮರದ ಒಂದೊಂದು ಸೂಜಿಗೂ ಒಂದೆರಡು ವರ್ಷದ ಆಯಸ್ಸು. ಹೊಸದು ಬರುವ ಹೊತ್ತಿಗೆ ಹಳೆಯದು ಉದುರುತ್ತದೆ. ಮರ ಪೂರ್ತಿ ಬೋಳಾಗದೇ ಇರುವುದರಿಂದ ನಮಗೆ ಅದು ಗೊತ್ತಾಗುವುದಿಲ್ಲ ಅಷ್ಟೇ. ಉದುರುವ ಕಾಲವೂ ನಿಗದಿ. ವರ್ಷವಿಡೀ ಅಲ್ಪಸ್ವಲ್ಪ ಬೀಳುತ್ತಿದ್ದರೂ ದೊಡ್ಡ ಪಾಲು ಬೀಳುವುದು ಮಾರ್ಚ್ ಕೊನೆಯಿಂದ ಜೂನ್‌ವರೆಗೆ. ಅಂದರೆ ಮಳೆಗೆ ಮೊದಲಿನ, ವರ್ಷದಲ್ಲೇ ಅತಿ ಬಿಸಿಲಿನ, ಅತಿ ಒಣ ತಿಂಗಳುಗಳು.

ಗಾಳಿ ಬೀಸಿದಾಗೆಲ್ಲ ಸೂಜಿಗಳು ತಿರುಗುತ್ತಾ ಇಳಿಯುತ್ತಿದ್ದವು. ಸದ್ದೇ ಇಲ್ಲ. ತಲೆ ಮೇಲೆ, ಬ್ಯಾಗಿನ ಮೇಲೆ, ದೀದಿ ಮನೆಯ ಕಲ್ಲುಚಪ್ಪಡಿಯ ಮಾಡಿನ ಮೇಲೆ. ಇಳಿಜಾರಿನಲ್ಲಿ ಕಾಲಿಟ್ಟರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಮೊದಲ ದಿನವೇ ನಾನು ಎರಡು ಸಲ ಕೂತಲ್ಲೇ ಹತ್ತು ಅಡಿ ಜಾರಿದೆ. ದೀದಿ ಹೇಳಿದ್ದು ಇಷ್ಟೇ: "ನಮ್ಮ ದನಗಳೂ ಬೀಳ್ತವೆ, ನೀನ್ಯಾವ ಲೆಕ್ಕ?"

ಗೋಠ್‌ನಲ್ಲಿ ಕಂಡ ನಮ್ಮನೆ ಕೊಟ್ಟಿಗೆ

ದೀದಿ ಮನೆಯ ಕೆಳಅಂತಸ್ತು ದನದ ಕೊಟ್ಟಿಗೆ. ಅದಕ್ಕೆ ಗೋಠ್ ಅನ್ನುತ್ತಾರೆ. ಬೆಳಗ್ಗೆ ಹಾಲು ಕರೆಯುವುದನ್ನು ನೋಡಲು ಬಗ್ಗಿ ಒಳಗೆ ಹೋದೆ. ಎರಡು ಹಸು, ಒಂದು ಕರು. ಅವುಗಳ ಕಾಲಡಿಗೆ ಪಿರೂಲ್ ಮತ್ತು ಓಕ್ ಎಲೆಯ ಹಾಸು. ಸಗಣಿ, ಗಂಜಲ ಸೇರಿ ಬರುತ್ತಿದ್ದ ಆ ವಾಸನೆಗೆ ನನಗೆ ಒಮ್ಮೆಲೇ ಮನೆ ನೆನಪಾಯಿತು.

ನಮ್ಮದು ಶಿರಸಿ ಕಡೆಯ ಊರು. ಅಡಿಕೆ ತೋಟ. ತೋಟದ ಮೇಲ್ಭಾಗಕ್ಕೆ ಸೊಪ್ಪಿನ ಬೆಟ್ಟ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೊಪ್ಪು, ತರಗೆಲೆ ಬಳಸುವ ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ಮಾಗಿ ಚಳಿ ಮುಗಿಯುವ ಹೊತ್ತಿಗೆ ಬೆಟ್ಟದ ಮರಗಳು ಎಲೆ ಉದುರಿಸುತ್ತವೆ. ಆ ಒಣ ಎಲೆಗೆ ನಾವು ದರಕು ಅನ್ನುತ್ತೇವೆ. ಅದನ್ನು ಗುಡಿಸಿ, ಹೆಡಿಗೆ ತುಂಬಿ ಹೊತ್ತು ತಂದು ಒಟ್ಟಿಟ್ಟರೆ ದನಗಳ ಕಾಲಡಿಗೆ ಮಳೆಗಾಲವಿಡೀ ಆಯಿತು. ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ನಮ್ಮ ಅಡಿಕೆಯ ಬೇರಿಗೆ ಸಿಗುವುದು ಒಂದು ಲೆಕ್ಕದಲ್ಲಿ ಬೆಟ್ಟದಿಂದ ಉದುರಿದ ಎಲೆಯೇ.

ಮೊಬೈಲ್‌ನಲ್ಲಿ ಮನೆಯ ಫೋಟೊ ತೆಗೆದು ತೋರಿಸಿದೆ. ದೀದಿ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದರು. "ನಿಮ್ಮ ಎಲೆ ಅಗಲ ಇದೆ. ಬೇಗ ಕೊಳೆಯುತ್ತೆ. ನಿಮ್ಮದು ಪುಣ್ಯ" ಅಂದರು.

ಕೊಳೆಯುವುದಕ್ಕೂ ಜಿಪುಣತನ

ಆ ಮಾತಿನ ಅರ್ಥ ತಿಳಿದದ್ದು ಮರುದಿನ ಬಿನ್ಸರ್‌ನ ಝೀರೋ ಪಾಯಿಂಟ್‌ಗೆ ನಡೆದು ಹೋದಾಗ. ಕೆಳಗೆ ಚೀಡ್ ಕಾಡು, ಮೇಲೇರಿದಂತೆ ಬಾಂಜ್ ಅನ್ನುವ ಓಕ್ ಮತ್ತು ಬುರಾಂಸ್ ಮರಗಳು. ಅರ್ಧ ಗಂಟೆಯ ನಡಿಗೆಯಲ್ಲಿ ಎರಡು ಲೋಕ.

ಚೀಡ್ ಕೆಳಗೆ ನೆಲ ಒಣಗಿ ಗರಿಗರಿ. ಪಿರೂಲ್ ಸರಿಸಿ ನೋಡಿದರೆ ಅದರ ಕೆಳಗೆ ಹಿಂದಿನ ವರ್ಷದ್ದು, ಅದರ ಕೆಳಗೆ ಅದಕ್ಕೂ ಹಿಂದಿನದು. ಬಣ್ಣ ಕಪ್ಪಾಗಿದ್ದರೂ ಸೂಜಿ ಸೂಜಿಯಾಗಿಯೇ ಇದೆ. ಬಾಂಜ್ ಕೆಳಗೆ ಹಾಗಲ್ಲ. ಮೇಲೆ ಮಾತ್ರ ಒಣ ಎಲೆ. ಬೆರಳು ಹಾಕಿದರೆ ತಣ್ಣಗಿನ ಕಪ್ಪು ಮಣ್ಣು. ಮೇ ತಿಂಗಳಲ್ಲೂ ತೇವ. ಬಾಂಜ್ ಕಾಡಿನ ಕೆಳಗೆ ನೀರಿನ ಒರತೆ ಬತ್ತುವುದಿಲ್ಲ ಅಂತ ಆ ಊರಿನವರು ಹೇಳುತ್ತಾರೆ.

ಕಾರಣ ಎಲೆಯೊಳಗೇ ಇದೆ. ಪೈನ್ ಸೂಜಿಯ ಮೇಲೆ ಮೇಣದ ಲೇಪ, ಒಳಗೆ ರಾಳ ಮತ್ತು ಲಿಗ್ನಿನ್ ಅನ್ನುವ ಗಟ್ಟಿ ವಸ್ತು. ಸಾರಜನಕ ಬಹಳ ಕಡಿಮೆ. ಉದುರಿಸುವ ಮೊದಲು ಮರ ಆ ಎಲೆಯಲ್ಲಿರುವ ಪೋಷಕಾಂಶವನ್ನು ಆದಷ್ಟು ವಾಪಸ್ ಎಳೆದುಕೊಂಡುಬಿಡುತ್ತದೆ. ಖಾಲಿ ಪಾಕೆಟ್ ಬಿಸಾಡಿದ ಹಾಗೆ. ಕೊಳೆಸುವ ಶಿಲೀಂಧ್ರ, ಸೂಕ್ಷ್ಮಜೀವಿಗಳಿಗೆ ತಿನ್ನಲು ಅಲ್ಲಿ ಏನೂ ಉಳಿದಿರುವುದಿಲ್ಲ. ಸಾಲದ್ದಕ್ಕೆ ಅವು ಮಣ್ಣಿನಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುತ್ತವೆ. ನೈನಿತಾಲ್‌ನ ಕುಮಾವೂಂ ವಿಶ್ವವಿದ್ಯಾಲಯದಲ್ಲಿ ಈ ಕಾಡುಗಳನ್ನು ಅಧ್ಯಯನ ಮಾಡಿದ ಜೆ.ಎಸ್. ಸಿಂಗ್ ಮತ್ತು ಎಸ್.ಪಿ. ಸಿಂಗ್ ವಿವರಿಸಿದ್ದು ಇದನ್ನೇ: ತನ್ನ ಬಡ ಎಲೆಯಿಂದಲೇ ನೆಲವನ್ನು ಬಡವಾಗಿಟ್ಟು, ಹೆಚ್ಚು ಪೋಷಣೆ ಬೇಡುವ ಓಕ್ ಅಲ್ಲಿ ಬೇರೂರದಂತೆ ಚೀಡ್ ನೋಡಿಕೊಳ್ಳುತ್ತದೆ.

ಅದಕ್ಕೆ ಬೆಂಕಿಯ ನೆರವೂ ಇದೆ. ಚೀಡ್‌ನ ದಪ್ಪ ತೊಗಟೆ ನೆಲದ ಬೆಂಕಿಯನ್ನು ತಡೆದುಕೊಳ್ಳುತ್ತದೆ. ಓಕ್ ಸಸಿ ಸುಟ್ಟುಹೋಗುತ್ತದೆ. ಬೆಂಕಿ ಬಿದ್ದ ಖಾಲಿ ಜಾಗದಲ್ಲಿ ಮತ್ತೆ ಚೀಡ್ ಬೀಜವೇ ಮೊಳೆಯುತ್ತದೆ.

ಹಾಗಂತ ಚೀಡ್‌ನ್ನು ಖಳನಾಯಕ ಮಾಡುವುದು ಸರಿಯಲ್ಲ. ಇದು ನಮ್ಮಲ್ಲಿನ ಅಕೇಶಿಯಾ ಥರ ಹೊರಗಿನಿಂದ ತಂದು ನೆಟ್ಟ ಮರವಲ್ಲ, ಹಿಮಾಲಯದ್ದೇ. ಅದು ಈ ಪರಿ ಹರಡಿದ್ದರಲ್ಲಿ ಮನುಷ್ಯರ ಕೈ ಇದೆ. ಲೀಸಾ ಅನ್ನುವ ಅದರ ರಾಳಕ್ಕೆ, ರೈಲ್ವೆ ಸ್ಲೀಪರ್‌ಗೆ ಬೇಕಾದ ಮರಕ್ಕೆ ಬ್ರಿಟಿಷ್ ಅರಣ್ಯ ಇಲಾಖೆ ಚೀಡ್‌ಗೆ ಒತ್ತು ಕೊಟ್ಟಿತು. ಜನರ ಹಕ್ಕು ಮೊಟಕಾಯಿತು. 1921ರಲ್ಲಿ ಆ ಕಾನೂನುಗಳ ವಿರುದ್ಧ ಕುಮಾವೂಂ ಸಿಡಿದೆದ್ದಾಗ ಸುಟ್ಟದ್ದು ಹೆಚ್ಚಾಗಿ ಚೀಡ್ ಕಾಡುಗಳೇ. 1931ರಲ್ಲಿ ಹಳ್ಳಿಗಳಿಗೆ ವನ ಪಂಚಾಯತ್ ಬಂದ ಹಿನ್ನೆಲೆ ಅದು.

ಆ ರಾತ್ರಿ

ಮೂರನೇ ರಾತ್ರಿ ಊಟ ಮುಗಿಸಿ ಅಂಗಳದಲ್ಲಿ ಕೂತಿದ್ದೆವು. ಎದುರಿನ ಬೆಟ್ಟದ ಮೇಲೆ ತೆಳ್ಳಗೆ ಕೆಂಪು ದಾರ ಎಳೆದ ಹಾಗೆ ಕಂಡಿತು. ಗೆಳತಿ "ಎಷ್ಟು ಚೆನ್ನಾಗಿದೆ!" ಅಂತ ಮೊಬೈಲ್ ಎತ್ತಿದಳು. ದೀದಿ ಆಗಲೇ ಒಳಗೆ ಹೋಗಿ ಚಪ್ಪಲಿ ಬಿಟ್ಟು ಶೂ ಹಾಕಿಕೊಳ್ಳುತ್ತಿದ್ದರು.

ಅರ್ಧ ಗಂಟೆಯೊಳಗೆ ಹತ್ತು ಹನ್ನೆರಡು ಜನ ಸೇರಿದರು. ಹೆಚ್ಚಿನವರು ಹೆಂಗಸರು, ಮೂವರು ಮುದುಕರು, ಇಬ್ಬರು ಹುಡುಗರು. ಕೈಯಲ್ಲಿ ಹಸಿ ಕೊಂಬೆ, ಕುಂಟೆಯಂಥ ಹಲ್ಲಿನ ಕೋಲು. ಬೆಂಕಿಗೆ ನೀರು ಹಾಕುವ ಮಾತೇ ಇಲ್ಲ, ಆ ಎತ್ತರದಲ್ಲಿ ನೀರೆಲ್ಲಿ? ಊರಿನ ಅಂಚಿನಲ್ಲಿ ಉದ್ದಕ್ಕೆ ಒಂದು ಪಟ್ಟಿ ಪಿರೂಲ್ ಗೋರಿ ತೆಗೆದು ಬರಿ ಮಣ್ಣು ಕಾಣಿಸಬೇಕು. ಬೆಂಕಿ ಬಂದರೆ ಅಲ್ಲಿಗೆ ನಿಲ್ಲಬೇಕು. ಅದು ಫೈರ್‌ಲೈನ್.

"ನೀವಿಬ್ಬರೂ ಮನೇಲಿರಿ" ಅಂದರು ದೀದಿ. ನಾನು ಕೇಳಲಿಲ್ಲ. ಕೊನೆಗೆ ಬೆಂಕಿಯಿಂದ ದೂರದ ತುದಿಯಲ್ಲಿ ನನ್ನನ್ನು ನಿಲ್ಲಿಸಿ ಒಂದು ಕೋಲು ಕೊಟ್ಟರು. ಎರಡು ಸಲ ಎಳೆದ ಮೇಲೆ ಕೈಗೆ ಅಭ್ಯಾಸ ನೆನಪಾಯಿತು. ಬೆನ್ನು ಬಗ್ಗಿಸಿ, ಮೇಲಿನಿಂದ ಕೆಳಕ್ಕೆ, ಒಂದು ಗುಪ್ಪೆ, ಮತ್ತೊಂದು ಗುಪ್ಪೆ. ಹೈಸ್ಕೂಲು ಮುಗಿಯುವವರೆಗೆ ಪ್ರತಿ ವರ್ಷ ಆಯಿ ಜೊತೆ ಬೆಟ್ಟದಲ್ಲಿ ಮಾಡಿದ ಕೆಲಸ ಅದೇ. ದೀದಿ ಟಾರ್ಚ್ ಬಿಟ್ಟು ನೋಡಿ, "ಅರೆ, ನಿನಗೆ ಬರುತ್ತೆ!" ಅಂದರು. ನನ್ನ ಕೆಲಸಕ್ಕೆ ಆ ವರ್ಷ ಸಿಕ್ಕ ಅಪ್ರೈಸಲ್‌ಗಿಂತ ಆ ಮಾತು ಖುಷಿ ಕೊಟ್ಟಿತು.

ಬೆಂಕಿ ಬಂತು. ಹತ್ತಿರದಿಂದ ಅದು ದಾರದ ಹಾಗೆ ಇರುವುದಿಲ್ಲ. ಚಟಚಟ ಸದ್ದು, ಕಣ್ಣು ಬಿಡಲಾಗದ ಹೊಗೆ, ರಾಳ ಉರಿಯುವ ಕಮಟು. ಉರಿಯುತ್ತಿದ್ದ ಪೈನ್ ಕಾಯಿಯೊಂದು ಇಳಿಜಾರಿನಲ್ಲಿ ಉರುಳುತ್ತಾ ಬಂದು ನಾವು ಗೋರಿದ ಪಟ್ಟಿಯನ್ನು ದಾಟಿಯೇಬಿಟ್ಟಿತು. ಹುಡುಗನೊಬ್ಬ ಓಡಿ ಅದರ ಮೇಲೆ ಹಸಿ ಕೊಂಬೆ ಬಡಿದ. ನನ್ನ ಗ್ಯಾಸ್ ಸ್ಟವ್ ನೆನಪಾಗಿ ಕೈ ನಡುಗಿತು. ಎರಡು ಗಂಟೆ ಸುಮಾರಿಗೆ ಬೆಂಕಿ ಪಟ್ಟಿಯ ಉದ್ದಕ್ಕೂ ಕುಸಿದು ಸಣ್ಣದಾಯಿತು. ಆ ರಾತ್ರಿ ಯಾರಿಗೂ ಏನೂ ಆಗಲಿಲ್ಲ.

ಯಾವಾಗಲೂ ಹಾಗೆ ಆಗುವುದಿಲ್ಲ. 2024ರ ಜೂನ್ 13ರಂದು ಇದೇ ಬಿನ್ಸರ್‌ನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ಸಿಬ್ಬಂದಿ ಜ್ವಾಲೆಗೆ ಸಿಕ್ಕಿಕೊಂಡರು. ನಾಲ್ವರು ಅಲ್ಲೇ ಪ್ರಾಣ ಬಿಟ್ಟರು. ಸುಟ್ಟ ಗಾಯವಾದವರನ್ನು ದೆಹಲಿಗೆ ಸಾಗಿಸಬೇಕಾಯಿತು.

ಬೀಗ ಹಾಕಿದ ಮನೆಗಳು

ಬೆಳಗ್ಗೆ ಮಸಿ ಮುಖದಲ್ಲೇ ಚಹಾ ಕುಡಿಯುತ್ತಾ ಕೇಳಿದೆ. "ಯಾರು ಹಚ್ಚಿದ್ದು ದೀದಿ?"

"ಯಾರಿಗೆ ಗೊತ್ತು? ಬೀಡಿ ಇರಬಹುದು. ಹೊಸ ಹುಲ್ಲು ಬರಲಿ ಅಂತ ಹಚ್ಚಿದವರಿರಬಹುದು. ನಿನ್ನ ಥರದವರೂ ಇರಬಹುದು." ನಕ್ಕರು. ಆಮೇಲೆ ನಗು ನಿಲ್ಲಿಸಿ, ಕೆಳಗಿನ ಮನೆಗಳ ಕಡೆ ಕೈ ತೋರಿಸಿದರು. "ಅದು ಬೀಗ. ಅದೂ ಬೀಗ. ಅದರಲ್ಲಿ ಒಬ್ಬಳು ಅಜ್ಜಿ. ಮೊದಲು ಎಲ್ಲ ಮನೆಯಲ್ಲೂ ದನ ಇತ್ತು. ಪಿರೂಲ್ ಚೆನ್ನಾಗಿ ಕೊಳೆಯಲ್ಲ, ಆದರೂ ಹೊತ್ತು ತರ್ತಿದ್ದೆವು. ಈಗ ದನ ಇಲ್ಲ, ಹೊರುವವರೂ ಇಲ್ಲ. ಬೀಳುವುದೇನು ನಿಲ್ಲುತ್ತಾ?"

ದೀದಿಯ ಮಗ ದೆಹಲಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ವರ್ಷಕ್ಕೊಮ್ಮೆ ಬರುತ್ತಾನಂತೆ.

ನಾನು ಸುಮ್ಮನಾದೆ. ಬೆಂಗಳೂರಿಗೆ ಬಂದು ಏಳು ವರ್ಷ. ಪ್ರತಿ ಫೆಬ್ರವರಿಯಲ್ಲಿ ಆಯಿ ಫೋನಿನಲ್ಲಿ ಒಂದು ಮಾತು ಹೇಳುತ್ತಾಳೆ: "ದರಕು ಗುಡ್ಸಕ್ಕೆ ಜನ ಬರ್ತ್ವಿಲ್ಲೆ. ಅರ್ಧ ಬೆಟ್ಟ ಹಂಗೇ ಇದ್ದು." ಪ್ರತಿ ಫೆಬ್ರವರಿಯಲ್ಲೂ ನಾನು ಹೇಳುವುದು "ಮುಂದಿನ ವರ್ಷ ನೋಡೋಣ." ನಮ್ಮ ಬೆಟ್ಟಕ್ಕೂ ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಅದನ್ನು ನಾನು ಅರಣ್ಯ ಇಲಾಖೆಯ ತಲೆನೋವು ಅಂದುಕೊಂಡಿದ್ದೆ.

ಪಿರೂಲ್‌ಗೆ ಬೆಲೆ ಕಟ್ಟುವ ಪ್ರಯತ್ನವೂ ನಡೆದಿದೆ. 2024ರ ಮೇ ತಿಂಗಳಲ್ಲಿ ಉತ್ತರಾಖಂಡ ಸರಕಾರ ಕಿಲೋಗೆ 50 ರೂಪಾಯಿಯಂತೆ ಕೊಳ್ಳುವುದಾಗಿ ಘೋಷಿಸಿತು. ಬೆರಿನಾಗ್ ಹತ್ತಿರ 'ಅವನಿ' ಸಂಸ್ಥೆ ಇದರಿಂದ ಅನಿಲ ತೆಗೆದು ವಿದ್ಯುತ್ ಮಾಡಿ ತೋರಿಸಿದೆ. ಒತ್ತಿ ಇಟ್ಟಿಗೆಯ ಹಾಗೆ ಮಾಡಿ ಒಲೆಗೆ ಬಳಸುವವರಿದ್ದಾರೆ, ಬುಟ್ಟಿ ಹೆಣೆಯುವವರಿದ್ದಾರೆ. ಎಲ್ಲ ಒಳ್ಳೆಯದೇ. ಆದರೆ ಹತ್ತಿಯಂತೆ ಹಗುರ, ಜಾಗ ಮಾತ್ರ ಮಣಗಟ್ಟಲೆ ಬೇಡುವ ಈ ಸೂಜಿಯನ್ನು ಕಡಿದಾದ ಇಳಿಜಾರಿನಿಂದ ರಸ್ತೆಗೆ ತರಲು ಯಾರಾದರೂ ಊರಿನಲ್ಲಿರಬೇಕಲ್ಲ? ದೀದಿಯ ಪ್ರಶ್ನೆ ಅದೇ.

ಜಾಗೇಶ್ವರದ ನೆರಳು

ಕೊನೆಯ ದಿನ ಜಾಗೇಶ್ವರಕ್ಕೆ ಹೋದೆವು. ಅಲ್ಮೋರಾದಿಂದ ಸುಮಾರು 35 ಕಿಲೋಮೀಟರ್. ಕಣಿವೆಯಲ್ಲಿ ನೂರಕ್ಕೂ ಹೆಚ್ಚು ಪುಟ್ಟ ದೊಡ್ಡ ಕಲ್ಲಿನ ಗುಡಿಗಳು. ಸುತ್ತ ದೇವದಾರು. ಈ ಕಾಡಿಗೆ ದಾರುಕಾವನ ಅಂತ ಹೆಸರು.

ದೇವದಾರೂ ಸೂಜಿಯೆಲೆಯ ಮರವೇ. ಅದೂ ಉದುರಿಸುತ್ತದೆ. ಆದರೆ ಇದರ ಸೂಜಿ ನಮ್ಮ ಬೆರಳಿನ ಎರಡು ಗೆಣ್ಣಿನಷ್ಟು ಮಾತ್ರ. ದಟ್ಟ ನೆರಳು, ತಣ್ಣನೆ ಕಣಿವೆ, ಪಕ್ಕದಲ್ಲೇ ತೊರೆ. ಉದುರಿದ್ದು ಒತ್ತಾಗಿ ಕೂತು ತೇವ ಹಿಡಿದುಕೊಂಡಿತ್ತು. ಕಲ್ಲುಗಳ ಮೇಲೆ ಪಾಚಿ. ಗುಡಿಯ ಅಂಗಳವನ್ನು ಒಬ್ಬರು ಅಜ್ಜ ಗುಡಿಸುತ್ತಿದ್ದರು. ಅವರು ಗುಡಿಸಿ ಹೋದ ಹಿಂದೆಯೇ ಮತ್ತೆ ನಾಲ್ಕು ಸೂಜಿ ಬೀಳುತ್ತಿದ್ದವು. ಅವರಿಗೆ ಅದರಿಂದ ಬೇಸರವಾದ ಹಾಗೆ ಕಾಣಲಿಲ್ಲ.

ನೀವು ಹೋಗುವುದಾದರೆ

ಬಿನ್ಸರ್‌ನಲ್ಲಿ ಹಿಮಶಿಖರ ಚೆನ್ನಾಗಿ ಕಾಣಬೇಕೆಂದರೆ ಅಕ್ಟೋಬರ್-ನವೆಂಬರ್ ಒಳ್ಳೆಯದು. ತ್ರಿಶೂಲ್, ನಂದಾದೇವಿ, ಪಂಚಾಚೂಲಿ ಸಾಲು ಆಗ ಸ್ಪಷ್ಟ. ಬುರಾಂಸ್ ಹೂ ನೋಡಲು ಮಾರ್ಚ್. ಮೇ ತಿಂಗಳಲ್ಲಿ ಹೊಗೆ ಮುಸುಕಿ ಶಿಖರ ಕಾಣದೇ ಹೋಗಬಹುದು, ಆದರೆ ಕಾಫಲ್ ಹಣ್ಣು ಸಿಗುತ್ತದೆ. ಉಪ್ಪು ಸವರಿ ತಿನ್ನಿ. ಹಿಡಿತ ಇರುವ ಶೂ ಹಾಕಿ. ಕಾಡಿನಲ್ಲಿ ಸ್ಟವ್, ಸಿಗರೇಟು, ಕ್ಯಾಂಪ್‌ಫೈರ್ ಬೇಡವೇ ಬೇಡ. ಕಾಫಿಯನ್ನು ಹೋಮ್‌ಸ್ಟೇ ಅಡುಗೆಮನೆಯಲ್ಲೇ ಮಾಡಿಕೊಳ್ಳಿ. ದೀದಿಗೆ ನಮ್ಮ ಡಿಕಾಕ್ಷನ್ ಇಷ್ಟವಾಯಿತು, ಸಕ್ಕರೆ ಮಾತ್ರ ಮೂರು ಚಮಚ ಬೇಕಾಯಿತು!

ಹೆಡಿಗೆ ಲೆಕ್ಕ

ಊರಿಂದ ವಾಪಸ್ ಬಂದ ದಿನ ಆಯಿ ಫೋನ್ ಮಾಡಿದಳು. "ಊಟ ಆತನೇ ಕೂಸೆ?" ಎಂದಿನ ಪ್ರಶ್ನೆ. ನಾನು ಬೆಂಕಿಯ ಕಥೆಯನ್ನೆಲ್ಲ ಹೇಳಿ, ಈ ಸಲ ದರಕು ಗುಡಿಸಲು ಬರ್ತೀನಿ ಅಂದೆ. ನಂಬಿದ ಹಾಗೆ ಕಾಣಲಿಲ್ಲ. "ಬಪ್ಪದಾದ್ರೆ ಶಿವರಾತ್ರಿ ಒಳಗೆ ಬಾ" ಅಂದಳು ಅಷ್ಟೇ.

ಈ ಫೆಬ್ರವರಿಯಲ್ಲಿ ನಾಲ್ಕು ದಿನ ರಜೆ ಹಾಕಿ ಹೋದೆ. ಮ್ಯಾನೇಜರಿಗೆ ಕಾರಣ ಹೇಳುವಾಗ 'ಎಲೆ ಗುಡಿಸಲು' ಅನ್ನಲು ನಾಚಿಕೆಯಾಗಿ 'ಮನೆ ಕೆಲಸ' ಅಂದೆ. ಮೊದಲ ದಿನಕ್ಕೇ ಅಂಗೈಯಲ್ಲಿ ಬೊಕ್ಕೆ ಎದ್ದಿತು. ಅರವತ್ತೆರಡರ ಆಯಿ ನಾನು ಒಂದು ಹೆಡಿಗೆ ತುಂಬುವಷ್ಟರಲ್ಲಿ ಎರಡು ತುಂಬಿದಳು. ರಸ್ತೆ ಅಂಚಿನ ಉದ್ದಕ್ಕೂ ಮಣ್ಣು ಕಾಣುವ ಹಾಗೆ ಒಂದು ಪಟ್ಟಿ ಗುಡಿಸಿದೆ, ದೀದಿ ತೋರಿಸಿದ ಹಾಗೆ. ಅದರ ಫೋಟೊ ಅವರಿಗೆ ಕಳಿಸಿದರೆ ಹೆಬ್ಬೆರಳಿನ ಗುರುತು ಬಂತು, ಜೊತೆಗೆ "ಇನ್ನೂ ಅಗಲ ಮಾಡು."

ಸಂಜೆ ಕೊಟ್ಟಿಗೆ ಕಟ್ಟೆ ಮೇಲೆ ಕೂತಾಗ ಅಪ್ಪ ಮೆಲ್ಲಗೆ ವಿಷಯ ತೆಗೆದ. ಮನೆಯಲ್ಲಿ ಉಳಿದಿರುವುದು ಎರಡೇ ದನ. ಅವನ್ನೂ ಕೊಟ್ಟುಬಿಡುವುದು, ಗೊಬ್ಬರ ಚೀಲದಲ್ಲಿ ತರುವುದು ಅಂತ ಯೋಚನೆ. ಆಯಿ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ವರ್ಷಕ್ಕೆ ನಾಲ್ಕು ದಿನ ಬರುವವಳು ದನ ಇಟ್ಟುಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳಲಿ?

ಬಸ್ಸಿಗೆ ಹೊರಡುವಾಗ ಲೆಕ್ಕ ಹಾಕಿದೆ. ನಾಲ್ಕು ದಿನಕ್ಕೆ ನನ್ನದು 46 ಹೆಡಿಗೆ. ಬೆಟ್ಟದ ಅರ್ಧ ಇನ್ನೂ ಹಾಗೇ ಉಳಿದಿತ್ತು. ದನ ಕೊಡುವ ವಿಷಯ ಮುಂದಿನ ಶಿವರಾತ್ರಿವರೆಗೆ ನೋಡೋಣ ಅಂದಿದ್ದಾನೆ ಅಪ್ಪ. ನಾನು ಕ್ಯಾಲೆಂಡರಿನಲ್ಲಿ ಮುಂದಿನ ಫೆಬ್ರವರಿಯ ಒಂದು ವಾರವನ್ನು ಈಗಲೇ ಗುರುತು ಹಾಕಿಟ್ಟಿದ್ದೇನೆ. ಈ ಸಲ ಕಾರಣದ ಜಾಗದಲ್ಲಿ 'ದರಕು' ಅಂತಲೇ ಬರೆದಿದ್ದೇನೆ.